ಮನೆಯ ವೈಫೈ ಪಾಸ್‌ವರ್ಡ್ ಬದಲಿಸುವುದು: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮನೆಯೊಳಗೆ ಫೋನ್ ರಿಂಗಾಗುವುದು ಫೈಬರ್ ಲೈನಿನಿಂದ, ಅದರ ತುದಿಯಲ್ಲಿರುವ ವೈಫೈ ಪೆಟ್ಟಿಗೆಯಿಂದ, ಆ ವೈಫೈ ಮೇಲೆ ನಡೆಯುವ ವೈಫೈ ಕಾಲಿಂಗ್‌ನಿಂದ. ಹಾಗಾಗಿ ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸುವುದಕ್ಕೂ ನಮ್ಮಲ್ಲಿ ಬದಲಿಸುವುದಕ್ಕೂ ವ್ಯತ್ಯಾಸವಿದೆ. ಬದಲಿಸುವ ಕೆಲಸ ಐದು ನಿಮಿಷದ್ದೇ. ಆದರೆ ಕ್ರಮ ತಪ್ಪಿದರೆ ಅಜ್ಜಿಯ ಫೋನಿಗೆ ಯಾರ ಕರೆಯೂ ಬರುವುದಿಲ್ಲ, ಅಡಿಕೆ ಅಂಗಳದ ಕ್ಯಾಮೆರಾ ನಿಂತುಹೋಗುತ್ತದೆ, ರಿಪೇರಿಗೆ ಜನ ಪೇಟೆಯಿಂದ ಬರುವವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ಯಾವ ಗುಂಡಿ ಒತ್ತಬೇಕು ಎನ್ನುವುದರ ಜತೆಗೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಎನ್ನುವುದನ್ನೂ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಯಾಕೆ ಬದಲಿಸಬೇಕು ಎಂಬ ಪ್ರಶ್ನೆ ಒಂಟಿ ಮನೆಯವರಿಗೆ ಬರುವುದು ಸಹಜ. ಪಕ್ಕದ ಮನೆ ಇರುವುದು ತೋಟದಾಚೆ. ನಮ್ಮ ವೈಫೈ ಅಂಗಳ ದಾಟುವುದೇ ಕಷ್ಟ. ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿರುವುದರಿಂದ ಅಲ್ಲಿ ಅಪಾಯ ಜಾಸ್ತಿ ಎನ್ನುವುದು ನಿಜ. ಆದರೆ ಪಾಸ್‌ವರ್ಡ್ ತಾನೇ ಊರು ಸುತ್ತುತ್ತದೆ. ಮನೆಯಲ್ಲಿ ಉಪನಯನವೋ ಗೃಹಪ್ರವೇಶವೋ ಆದಾಗ ಬಂದವರೆಲ್ಲ ಕೇಳಿ ಹಾಕಿಸಿಕೊಂಡಿರುತ್ತಾರೆ. ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನುಗಳಲ್ಲಿ ಒಮ್ಮೆ ಉಳಿಸಿಕೊಂಡ ವೈಫೈಯನ್ನು ಕ್ಯುಆರ್ ಕೋಡ್ ಮಾಡಿ ಮತ್ತೊಬ್ಬರಿಗೆ ತೋರಿಸಬಹುದು. ನಿಮ್ಮನ್ನು ಕೇಳಬೇಕೆಂದೇನೂ ಇಲ್ಲ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಬಂದ ಬೆದರಿಕೆ ಇ-ಮೇಲ್ ಹೋಗಿದ್ದು ನವಿ ಮುಂಬಯಿಯ ಒಂದು ಮನೆಯ ವೈಫೈ ಮೂಲಕ. ತನಿಖೆಯವರು ಮೊದಲು ಬಂದು ನಿಂತದ್ದು ಆ ಮನೆಯ ಬಾಗಿಲಿಗೆ. ಅಲ್ಲಿದ್ದವರಿಗೂ ಆ ಇ-ಮೇಲ್‌ಗೂ ಸಂಬಂಧವಿರಲಿಲ್ಲ. ಲೈನು ನಿಮ್ಮ ಹೆಸರಿನಲ್ಲಿದ್ದರೆ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಹೋಮ್‌ಸ್ಟೇ ನಡೆಸುವವರಂತೂ ಇದನ್ನು ರೂಢಿ ಮಾಡಿಕೊಳ್ಳಲೇಬೇಕು. ಅವರಿಗೆ ಬೇರೆ ಉಪಾಯವೂ ಇದೆ, ಮುಂದೆ ಹೇಳುತ್ತೇನೆ.

ಮುಟ್ಟುವ ಮೊದಲು

ಸಮಯ ನೋಡಿಕೊಳ್ಳಿ. ಮನೆಯಲ್ಲಿ ಯಾರಾದರೂ ಆನ್‌ಲೈನ್ ಮೀಟಿಂಗಿನಲ್ಲಿರುವಾಗ, ಆಸ್ಪತ್ರೆಯಿಂದಲೋ ಮಕ್ಕಳಿಂದಲೋ ಕರೆ ಬರಬೇಕಾಗಿರುವಾಗ ಈ ಕೆಲಸ ಬೇಡ. ಗುಡುಗು ಮಿಂಚು ಇರುವಾಗಲೂ ಬೇಡ. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ, ಆದರೆ ಪೆಟ್ಟಿಗೆಯ ಅಡಾಪ್ಟರ್ ಕೂತಿರುವುದು ಕರೆಂಟಿನ ಸಾಕೆಟ್‌ನಲ್ಲಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಪೆಟ್ಟಿಗೆಗಳು ಸುಡುವುದು ಆ ದಾರಿಯಿಂದಲೇ. ಬೆಳಗಿನ ತಿಂಡಿ ಮುಗಿದ ಹೊತ್ತು, ಕರೆಂಟ್ ಇರುವಾಗ, ಇನ್ವರ್ಟರ್ ಇದ್ದರೆ ಅದರ ಮೇಲೆ, ಸಮಾಧಾನವಾಗಿ ಕೂರಿ.

ಕಾಗದ ಪೆನ್ನು ತೆಗೆದುಕೊಂಡು ಮನೆಯಲ್ಲಿ ವೈಫೈಗೆ ಜೋಡಿಸಿದ ವಸ್ತುಗಳನ್ನೆಲ್ಲ ಬರೆಯಿರಿ. ಫೋನುಗಳು ಹೇಗೂ ನೆನಪಿರುತ್ತವೆ. ಮರೆಯುವುದು ಟಿವಿ, ಪ್ರಿಂಟರ್, ಅಂಗಳದ ಮತ್ತು ಗೇಟಿನ ಕ್ಯಾಮೆರಾ, ಫೋನಿನಿಂದ ಚಾಲೂ ಮಾಡುವ ಪಂಪ್‌ಸೆಟ್ ಸ್ವಿಚ್, ಅಟ್ಟದ ಮೇಲೆ ಇಟ್ಟ ಸಿಗ್ನಲ್ ಹಿಗ್ಗಿಸುವ ರಿಪೀಟರ್. ಕೊನೆಯದು ಮುಖ್ಯ: ರಿಪೀಟರ್‌ಗೆ ಹೊಸ ಪಾಸ್‌ವರ್ಡ್ ಕೊಡದಿದ್ದರೆ ಮನೆಯ ಅರ್ಧ ಭಾಗಕ್ಕೆ ವೈಫೈ ಇದ್ದೂ ಇಂಟರ್‌ನೆಟ್ ಇರುವುದಿಲ್ಲ.

ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿ ಅಡಿಯ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಜೇಡರ ಬಲೆ ಒರೆಸಿ ಬೆಳಕಿಗೆ ಹಿಡಿದರೆ ಮಾದರಿಯ ಹೆಸರು, ಸೀರಿಯಲ್ ನಂಬರ್, ಒಳಪುಟದ (ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸಲು ಬ್ರೌಸರಿನಲ್ಲಿ ತೆರೆಯುವ ಪುಟದ) ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಎಲ್ಲ ಸಣ್ಣ ಅಕ್ಷರದಲ್ಲಿ ಕಾಣುತ್ತವೆ. ತಿರುಗಿಸುವಾಗ ಹಳದಿ ಅಥವಾ ಬಿಳಿ ಬಣ್ಣದ ತೆಳು ಫೈಬರ್ ತಂತಿ ಮಡಚದಂತೆ ನೋಡಿಕೊಳ್ಳಿ. ಅದನ್ನು ಕಳಚಬೇಡಿ, ತುದಿಯನ್ನು ಬೆರಳಿಂದ ಮುಟ್ಟಬೇಡಿ. ಎಲ್‌ಒಎಸ್ ಎಂದು ಬರೆದ ಕಡೆ ಕೆಂಪು ದೀಪ ಮಿನುಗತೊಡಗಿದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಅದು ಪಾಸ್‌ವರ್ಡಿನ ತೊಂದರೆಯಲ್ಲ.

ರೀಸೆಟ್ ಎಂಬ ಸಣ್ಣ ರಂಧ್ರವೂ ಅಲ್ಲೇ ಕಾಣುತ್ತದೆ. ಅದಕ್ಕೆ ಪಿನ್ನು ಚುಚ್ಚಬೇಡಿ. ಅಂತರ್ಜಾಲದ ಬಹಳಷ್ಟು ವಿಡಿಯೊಗಳು ‘ಪಾಸ್‌ವರ್ಡ್ ಮರೆತಿದ್ದರೆ ರೀಸೆಟ್ ಮಾಡಿ’ ಎಂದು ಸುಲಭವಾಗಿ ಹೇಳಿಬಿಡುತ್ತವೆ. ಅಂಗಡಿಯಿಂದ ತಂದ ಸಾದಾ ರೂಟರ್‌ಗೆ ಆ ಮಾತು ಹೇಗೋ ನಡೆದೀತು. ಫೈಬರ್ ಕೊಟ್ಟವರು ಕೂರಿಸಿಹೋದ ಪೆಟ್ಟಿಗೆಯೊಳಗೆ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ನಿಮ್ಮ ಲೈನಿನ ಪಿಪಿಪಿಒಇ ಹೆಸರು, ಅದರ ಪಾಸ್‌ವರ್ಡ್, ಆ ಜಾಲದಲ್ಲಿ ನಿಮ್ಮ ಲೈನಿನ ದಾರಿ ಗುರುತಿಸುವ ವಿಲ್ಯಾನ್ ಸಂಖ್ಯೆ ಇವೆಲ್ಲ ಇರುತ್ತವೆ. ರೀಸೆಟ್ ಮಾಡಿದರೆ ಅವೂ ಅಳಿಸಿಹೋಗಬಹುದು. ಆಮೇಲೆ ವೈಫೈ ಕಾಣುತ್ತದೆ, ಇಂಟರ್‌ನೆಟ್ ಬರುವುದಿಲ್ಲ.

ಒಳಪುಟ ತೆರೆಯುವುದು

ಪಾಸ್‌ವರ್ಡ್ ಬದಲಿಸಲು ಎರಡು ದಾರಿ. ಲೈನು ಕೊಟ್ಟ ಕಂಪನಿಯ ಆ್ಯಪ್‌ನಲ್ಲಿ ಆ ಸೌಲಭ್ಯವಿದ್ದರೆ ಅದು ಸುಲಭ. ಆದರೆ ಆ್ಯಪ್ ಸಾಮಾನ್ಯವಾಗಿ ಒಟಿಪಿ ಕೇಳುತ್ತದೆ. ಸಿಗ್ನಲ್ ಇಲ್ಲದ ಮನೆಯಲ್ಲಿ ಒಟಿಪಿ ಎಸ್ಎಂಎಸ್ ಬರುವುದೂ ವೈಫೈ ಕಾಲಿಂಗ್ ಮೇಲೆಯೇ. ಅರ್ಧದಲ್ಲಿ ವೈಫೈ ಕಡಿದರೆ ಒಟಿಪಿ ಬರದು, ಒಟಿಪಿ ಬರದಿದ್ದರೆ ಆ್ಯಪ್ ತೆರೆಯದು. ಅದಕ್ಕೇ ಆ್ಯಪ್‌ಗೆ ಮೊದಲೇ ಲಾಗಿನ್ ಆಗಿ ಇಟ್ಟುಕೊಂಡು ಶುರು ಮಾಡಿ.

ಎರಡನೆಯ ದಾರಿ ಪೆಟ್ಟಿಗೆಯ ಒಳಪುಟ. ಇದಕ್ಕೆ ಇಂಟರ್‌ನೆಟ್ ಕೂಡ ಬೇಡ. ನನ್ನ ಮಟ್ಟಿಗೆ ಇದೇ ಒಳ್ಳೆಯದು, ಏಕೆಂದರೆ ಲೈನು ಸತ್ತಾಗಲೂ ಈ ಪುಟ ತೆರೆಯುತ್ತದೆ. ಲ್ಯಾಪ್‌ಟಾಪ್ ಇದ್ದು ಲ್ಯಾನ್ ತಂತಿಯೂ ಇದ್ದರೆ ಪೆಟ್ಟಿಗೆಗೆ ನೇರ ಜೋಡಿಸಿ. ತಂತಿಯಲ್ಲಿ ಕೂತವರಿಗೆ ವೈಫೈ ಪಾಸ್‌ವರ್ಡ್ ಬದಲಾದರೂ ಸಂಪರ್ಕ ಕಡಿಯುವುದಿಲ್ಲ, ಹೊಸ ಪಾಸ್‌ವರ್ಡಿನಲ್ಲಿ ಅಕ್ಷರ ತಪ್ಪಿದ್ದರೆ ಕೂತಲ್ಲೇ ತಿದ್ದಬಹುದು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನ್ ಸಾಕು. ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟುಕೊಳ್ಳಿ.

ವಿಳಾಸ ಗೊತ್ತಿಲ್ಲದಿದ್ದರೆ ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ವೈಫೈಗೆ ಹೋಗಿ, ನಿಮ್ಮ ವೈಫೈ ಹೆಸರಿನ ಪಕ್ಕದ ಚಕ್ರ ಅಥವಾ ಬಾಣದ ಗುರುತು ಒತ್ತಿ. ಕೆಳಗೆ ಗೇಟ್‌ವೇ ಎಂದು ಒಂದು ಸಂಖ್ಯೆ ಇರುತ್ತದೆ. ಐಫೋನ್‌ನಲ್ಲಿ ಅದು ರೂಟರ್ ಎಂಬ ಸಾಲಿನಲ್ಲಿರುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಡಿಫಾಲ್ಟ್ ಗೇಟ್‌ವೇ ಎಂಬಲ್ಲಿ ಸಿಗುತ್ತದೆ. ಬಿಎಸ್ಎನ್ಎಲ್ ಫೈಬರ್‌ಗೆ ಸ್ಥಳೀಯರು ಕೂರಿಸುವ ಸೈರೋಟೆಕ್, ನೆಟ್‌ಲಿಂಕ್ ಪೆಟ್ಟಿಗೆಗಳಲ್ಲಿ, ಏರ್‌ಟೆಲ್‌ನಲ್ಲಿ ಅದು ಸಾಮಾನ್ಯವಾಗಿ 192.168.1.1. ಜಿಯೋ ಫೈಬರ್‌ನಲ್ಲಿ 192.168.29.1. ಬೇರೆ ಕೊಂಡ ಕೆಲವು ರೂಟರ್‌ಗಳಲ್ಲಿ 192.168.0.1.

ಆ ಸಂಖ್ಯೆಯನ್ನು ಬ್ರೌಸರಿನ ಮೇಲಿನ ವಿಳಾಸದ ಪಟ್ಟಿಯಲ್ಲಿ ಬರೆಯಬೇಕು, ಹುಡುಕುವ ಜಾಗದಲ್ಲಿ ಅಲ್ಲ. ಹುಡುಕಿದರೆ ಬರುವ ಪುಟಗಳು ಯಾರ್‍ಯಾರದ್ದೋ ಜಾಹೀರಾತಿನವು, ಅಲ್ಲಿ ಹೆಸರು ಪಾಸ್‌ವರ್ಡ್ ಕೊಡಬೇಡಿ. ಒಳಪುಟ ತೆರೆಯುವಾಗ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಬ್ರೌಸರ್ ಎಚ್ಚರಿಸಬಹುದು. ಬೇರೆ ಯಾವ ಜಾಲತಾಣದಲ್ಲಿ ಬಂದರೂ ಆ ಎಚ್ಚರಿಕೆಯನ್ನು ಗೌರವಿಸಬೇಕು. ಇಲ್ಲಿ ಮಾತ್ರ, ವಿಳಾಸ ನೀವೇ ಬರೆದ ಗೇಟ್‌ವೇ ಸಂಖ್ಯೆಯೇ ಆಗಿದ್ದರೆ, ಮುಂದುವರಿಯಬಹುದು. ಮನೆಯೊಳಗಿನ ಪೆಟ್ಟಿಗೆಗೆ ಹೊರಗಿನವರು ಕೊಡುವ ಪ್ರಮಾಣಪತ್ರ ಇರುವುದಿಲ್ಲ.

ಲಾಗಿನ್ ಕೇಳಿದಾಗ ಕೊಡಬೇಕಾದ್ದು ವೈಫೈ ಪಾಸ್‌ವರ್ಡ್ ಅಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ವೈಫೈ ಪಾಸ್‌ವರ್ಡ್ ಮನೆಯ ಜಾಲಕ್ಕೆ ಸೇರಲು. ಇದು ಪೆಟ್ಟಿಗೆಯ ಯಜಮಾನಿಕೆಯ ಪಾಸ್‌ವರ್ಡ್. ಚೀಟಿಯಲ್ಲಿ ಬರೆದದ್ದನ್ನು ಹಾಕಿ. ಆಗದಿದ್ದರೆ ಲೈನು ಕೊಟ್ಟವರು ಅದನ್ನು ಬದಲಿಸಿದ್ದಾರೆ ಎಂದರ್ಥ. ಒಂದರ ಮೇಲೊಂದು ಊಹಿಸಿ ಹಾಕುತ್ತಾ ಹೋದರೆ ಕೆಲವು ಪೆಟ್ಟಿಗೆಗಳು ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತವೆ. ಲೈನಿನವರಿಗೆ ಫೋನ್ ಮಾಡಿ ಕೇಳಿ. ತಿಂಗಳ ಹಣ ಕಟ್ಟುವ ಗ್ರಾಹಕ ತನ್ನ ಮನೆಯ ವೈಫೈ ಬದಲಿಸಲು ಕೇಳುವುದರಲ್ಲಿ ಸಂಕೋಚಪಡಬೇಕಾದ್ದೇನಿಲ್ಲ.

ಹೊಸ ಪಾಸ್‌ವರ್ಡ್ ಹೇಗಿರಬೇಕು

ಶಿವಮೊಗ್ಗ ಜಿಲ್ಲೆಯಲ್ಲಿ ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವರ ವೈಫೈ ಪಾಸ್‌ವರ್ಡ್ ಮನೆಯ ಯಜಮಾನರ ಮೊಬೈಲ್ ನಂಬರ್. ಲೈನು ಹಾಕಲು ಬಂದವರು ಬೇಗ ಮುಗಿಸಲು ಅದನ್ನೇ ಕೊಟ್ಟು ಹೋಗಿರುತ್ತಾರೆ. ನಂಬರ್ ಗೊತ್ತಿರುವ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಗೊತ್ತು ಎನ್ನುವುದು ಒಂದು ತೊಂದರೆ. ಗೊತ್ತಿಲ್ಲದವರಿಗೂ ಅದು ಸುಲಭ ಎನ್ನುವುದು ಇನ್ನೊಂದು. ಡಬ್ಲ್ಯುಪಿಎ2 ಎಂಬ ರಕ್ಷಣಾ ವಿಧಾನದ ವೈಫೈಯಲ್ಲಿ ಒಂದು ಫೋನ್ ಜಾಲಕ್ಕೆ ಸೇರುವಾಗ ನಡೆಯುವ ಮಾತುಕತೆಯನ್ನು ಹತ್ತಿರದಲ್ಲಿದ್ದವರು ಹಿಡಿದಿಟ್ಟುಕೊಂಡು, ಆಮೇಲೆ ತಮ್ಮ ಮನೆಯಲ್ಲಿ ಕೂತು ಕಂಪ್ಯೂಟರಿನಿಂದ ಊಹೆ ಮಾಡಿಸಬಹುದು. ಭಾರತದ ಮೊಬೈಲ್ ನಂಬರ್ ಹತ್ತು ಅಂಕಿಯದ್ದು, ಶುರುವಾಗುವುದು 6, 7, 8 ಅಥವಾ 9ರಿಂದ. ಒಟ್ಟು ಸಾಧ್ಯತೆ 400 ಕೋಟಿ. ಇವತ್ತಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಪರೀಕ್ಷಿಸುತ್ತದೆ. ಅಂದರೆ ಒಂದು ಗಂಟೆ, ಸ್ವಲ್ಪ ಹೆಚ್ಚು ಕಮ್ಮಿ.

ಅದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಆರಿಸಿ. 5,000 ಪದಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ನಾಲ್ಕು ತೆಗೆದರೆ 625 ಲಕ್ಷ ಕೋಟಿ ಜೋಡಣೆಗಳಾಗುತ್ತವೆ. ಅದೇ ವೇಗದಲ್ಲಿ ಎಲ್ಲವನ್ನೂ ಪರೀಕ್ಷಿಸಲು ಸುಮಾರು 20 ವರ್ಷ ಬೇಕು. ಏಣಿ, ಬುಧವಾರ, ಮಜ್ಜಿಗೆ, ರೈಲು ಎಂಬ ರೀತಿ, ಆದರೆ ಇಲ್ಲಿ ಬರೆದದ್ದನ್ನೇ ಇಡಬೇಡಿ. ಮನೆದೇವರ ಹೆಸರು, ಮಕ್ಕಳ ಹೆಸರು, ಮನೆಯ ಹೆಸರಿನ ಮುಂದೆ 123, ಇವು ಯಾವುವೂ ಬೇಡ.

ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಗುತ್ತದೆ, ಎಲ್ಲ ಪೆಟ್ಟಿಗೆಗಳೂ ಕನ್ನಡ ಲಿಪಿಯನ್ನು ಒಪ್ಪುವುದಿಲ್ಲ. ಹಾಗಾಗಿ ಮಜ್ಜಿಗೆಗೆ ಜೆ ಒಂದೋ ಎರಡೋ ಎಂದು ಮನೆಯವರೆಲ್ಲ ಗೊಂದಲಕ್ಕೆ ಬೀಳುತ್ತಾರೆ. ನೀವು ಹಾಕಿದ ಕಾಗುಣಿತವನ್ನೇ ಕಾಗದದಲ್ಲಿ ದೊಡ್ಡದಾಗಿ ಬರೆದಿಡಿ. ಎಲ್ಲವೂ ಸಣ್ಣ ಅಕ್ಷರ, ಪದಗಳ ನಡುವೆ ಒಂದು ಅಡ್ಡಗೆರೆ, ಅಷ್ಟೇ ಸಾಕು. ಚಿಹ್ನೆಗಳನ್ನು ತುಂಬಿದರೆ ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವವರ ಪಾಡು ಕೇಳಬೇಡಿ. ಉದ್ದ ಕನಿಷ್ಠ 8, ಗರಿಷ್ಠ 63 ಅಕ್ಷರ ಎಂದು ನಿಯಮ. 20ರ ಆಸುಪಾಸು ಇದ್ದರೆ ಒಳ್ಳೆಯದು.

ಬದಲಿಸುವುದು

ಒಳಪುಟದಲ್ಲಿ ವೈರ್‌ಲೆಸ್, ವೈಫೈ ಅಥವಾ ಡಬ್ಲ್ಯುಲ್ಯಾನ್ ಎಂಬ ವಿಭಾಗ ಹುಡುಕಿ. ಅದರೊಳಗೆ ಸೆಕ್ಯುರಿಟಿ ಎಂಬ ಪುಟ. ಪಾಸ್‌ವರ್ಡ್ ಜಾಗವನ್ನು ಪ್ರಿ-ಶೇರ್ಡ್ ಕೀ, ಪಾಸ್‌ಫ್ರೇಸ್, ವೈಫೈ ಕೀ ಎಂದು ಒಂದೊಂದು ಪೆಟ್ಟಿಗೆ ಒಂದೊಂದು ಹೆಸರಿನಲ್ಲಿ ಕರೆಯುತ್ತದೆ. ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಬರೆಯಿರಿ. ತೋರಿಸು ಎಂಬ ಕಣ್ಣಿನ ಗುರುತಿದ್ದರೆ ಒತ್ತಿ, ಕಾಗದದಲ್ಲಿ ಬರೆದದ್ದಕ್ಕೆ ಅಕ್ಷರಕ್ಕಕ್ಷರ ತಾಳೆ ನೋಡಿ.

ಅದೇ ಪುಟದಲ್ಲಿ ಎನ್‌ಕ್ರಿಪ್ಷನ್ (ವೈಫೈ ಮಾತುಕತೆಯನ್ನು ಗುಟ್ಟಾಗಿಡುವ ವಿಧಾನ) ಏನಿದೆ ನೋಡಿಕೊಳ್ಳಿ. ವೆಪ್ (ಸುಲಭವಾಗಿ ಮುರಿಯಬಹುದಾದ ಹಳೆಯ ವಿಧಾನ) ಅಥವಾ ಓಪನ್ (ರಕ್ಷಣೆಯೇ ಇಲ್ಲದ್ದು) ಎಂದಿದ್ದರೆ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಡಬ್ಲ್ಯುಪಿಎ2, ಎಇಎಸ್ ಎಂದು ಇಡಿ. 2018ರಲ್ಲಿ ಬಂದ ಡಬ್ಲ್ಯುಪಿಎ3 ಇನ್ನೂ ಒಳ್ಳೆಯದು, ಹಿಡಿದಿಟ್ಟುಕೊಂಡು ಊಹಿಸುವ ಆಟ ಅದರಲ್ಲಿ ನಡೆಯುವುದಿಲ್ಲ. ಆದರೆ ಹಳೆಯ ಫೋನ್, ಅಗ್ಗದ ಕ್ಯಾಮೆರಾಗಳು ಅದನ್ನು ಅರಿಯವು. ಎರಡನ್ನೂ ಸೇರಿಸಿದ ಮಿಶ್ರ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಪಾಸ್‌ವರ್ಡ್ ಬರೆಯದೆ ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಸೇರುವ ಡಬ್ಲ್ಯುಪಿಎಸ್ ಎಂಬುದು ಕಂಡರೆ ಆಫ್ ಮಾಡಿ. ಅದರ ಎಂಟಂಕಿಯ ಪಿನ್ ಅನ್ನು ಪೆಟ್ಟಿಗೆ ಎರಡು ತುಂಡಾಗಿ ಪರೀಕ್ಷಿಸುವುದರಿಂದ ಗರಿಷ್ಠ 11,000 ಪ್ರಯತ್ನಕ್ಕೆ ಸಿಕ್ಕಿಬೀಳುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ.

ಈಗಿನ ಪೆಟ್ಟಿಗೆಗಳಲ್ಲಿ ವೈಫೈ ಎರಡು: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡಕ್ಕೂ ಬೇರೆ ಬೇರೆ ಪುಟಗಳಿರಬಹುದು. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಹಳೆಯ ಪಾಸ್‌ವರ್ಡ್ ಅಲ್ಲಿ ಹಾಗೇ ಉಳಿದಿರುತ್ತದೆ, ಬದಲಿಸಿದ ಉದ್ದೇಶವೇ ಹಾಳು. ಫೋನಿನಿಂದ ಮಾಡುವವರು ಒಂದು ಉಪಾಯ ಮಾಡಬಹುದು: 5 ಗಿಗಾಹರ್ಟ್ಸ್‌ಗೆ ಸೇರಿಕೊಂಡು 2.4ನ್ನು ಬದಲಿಸಿ, ಆಮೇಲೆ ಹೊಸ ಪಾಸ್‌ವರ್ಡ್ ಹಾಕಿ 2.4ಕ್ಕೆ ಸೇರಿಕೊಂಡು 5ನ್ನು ಬದಲಿಸಿ. ಹೊಸದು ಕೆಲಸ ಮಾಡುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ಹಳೆಯದು ಹೋಗುತ್ತದೆ.

ಅಪ್ಲೈ ಒತ್ತಿದ ಕೂಡಲೇ ಫೋನಿನ ಸಂಪರ್ಕ ಕಡಿಯುವುದು ಸರಿಯಾದ ಲಕ್ಷಣ. ಗಾಬರಿ ಬೇಡ. ಆದರೆ ಕೆಲವು ಫೈಬರ್ ಪೆಟ್ಟಿಗೆಗಳಲ್ಲಿ ಅಪ್ಲೈ ಮಾಡಿದ್ದು ತಾತ್ಕಾಲಿಕ. ಮ್ಯಾನೇಜ್‌ಮೆಂಟ್ ಅಥವಾ ಅಡ್ಮಿನ್ ವಿಭಾಗದಲ್ಲಿ ಕಮಿಟ್ ಎಂಬ ಗುಂಡಿಯನ್ನೂ ಒತ್ತಬೇಕು. ಒತ್ತದಿದ್ದರೆ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಹಳೆಯ ಪಾಸ್‌ವರ್ಡ್ ವಾಪಸ್ ಬರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರುಗಳಲ್ಲಿ ಇದು ದೊಡ್ಡ ತಲೆನೋವು. ಆದ್ದರಿಂದ ಎಲ್ಲ ಮುಗಿದ ಮೇಲೆ ಪೆಟ್ಟಿಗೆಯನ್ನು ಒಮ್ಮೆ ನೀವೇ ಆಫ್ ಮಾಡಿ ಆನ್ ಮಾಡಿ, ಹೊಸ ಪಾಸ್‌ವರ್ಡ್ ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹೊರಡುವ ಮೊದಲು ಒಳಪುಟದ ಯಜಮಾನಿಕೆ ಪಾಸ್‌ವರ್ಡನ್ನೂ ಬದಲಿಸಿ. ಅಡ್ಮಿನ್ ಎಂಬ ಹೆಸರು, ಅಡ್ಮಿನ್ ಎಂಬುದೇ ಪಾಸ್‌ವರ್ಡ್, ಹೀಗೆ ಬಿಟ್ಟಿದ್ದರೆ ವೈಫೈಗೆ ಸೇರಿದ ಯಾರು ಬೇಕಾದರೂ ಒಳಗೆ ಬಂದು ನಿಮ್ಮ ಹೊಸ ಪಾಸ್‌ವರ್ಡ್ ಓದಬಹುದು. ಇದನ್ನು ವೈಫೈ ಪಾಸ್‌ವರ್ಡಿಗಿಂತ ಬೇರೆಯದಾಗಿಡಿ, ಮನೆಯ ಒಬ್ಬಿಬ್ಬರಿಗೆ ಮಾತ್ರ ಗೊತ್ತಿರಲಿ.

ಮತ್ತೆ ಎಲ್ಲವನ್ನೂ ಜೋಡಿಸುವುದು

ಮೊದಲ ಸರದಿ ಹಿರಿಯರ ಫೋನಿನದು. ಅವರ ಫೋನ್ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡು ಒಳಗೆ ಬರಲು ಯತ್ನಿಸುತ್ತಾ, ಆಗದೆ ಸುಮ್ಮನಾಗುತ್ತದೆ. ಹೊಸದನ್ನು ಕೇಳುವುದಕ್ಕೂ ಮರೆಯುವುದುಂಟು. ವೈಫೈ ಹೆಸರು ಒತ್ತಿ ಫರ್ಗೆಟ್ ಎಂದು ಕೊಟ್ಟು, ಪುನಃ ಆ ಹೆಸರನ್ನು ಆರಿಸಿ ಹೊಸದನ್ನು ಬರೆಯಿರಿ. ಆಮೇಲೆ ವೈಫೈ ಕಾಲಿಂಗ್ ಆನ್ ಇದೆಯೇ ನೋಡಿ, ನಿಮ್ಮ ಫೋನಿನಿಂದ ಒಂದು ಕರೆ ಮಾಡಿ ಅವರ ಕೈಯಿಂದಲೇ ಎತ್ತಿಸಿ. ಮಗ ಮಗಳು ದೂರದ ಊರಿನಲ್ಲಿದ್ದು ತಂದೆತಾಯಿ ಮಾತ್ರ ಮನೆಯಲ್ಲಿರುವ ಕಡೆ ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ರಾತ್ರಿ ಎದೆನೋವು ಬಂದರೆ ಅವರಿಗಿರುವುದು ಅದೊಂದೇ ಫೋನ್.

ಬಳಿಕ ರಿಪೀಟರ್, ಆಮೇಲೆ ಟಿವಿ, ಪ್ರಿಂಟರ್. ಕ್ಯಾಮೆರಾ ಮತ್ತು ಪಂಪ್‌ಸೆಟ್ ಸ್ವಿಚ್ ಹೆಚ್ಚು ಸತಾಯಿಸುತ್ತವೆ. ಬಹಳಷ್ಟು ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ಮಾತ್ರ ಅರಿಯುತ್ತವೆ. ಹಳೆಯ ವೈಫೈ ಕಡಿದ ಮೇಲೆ ಏಣಿ ಹಾಕಿ ಹತ್ತಿ, ಅದರ ಗುಂಡಿ ಒತ್ತಿ ಮೊದಲಿನಿಂದ ಜೋಡಿಸಬೇಕಾಗುತ್ತದೆ. ಇದನ್ನು ತಪ್ಪಿಸಲು ದಾರಿಯಿದೆ. ನಿಮ್ಮ ಪೆಟ್ಟಿಗೆ ಒಂದಕ್ಕಿಂತ ಹೆಚ್ಚು ವೈಫೈ ಹೆಸರುಗಳನ್ನು ಕೊಡುವಂಥದ್ದಾದರೆ, ಹಳೆಯದನ್ನು ಮುಟ್ಟದೆ ಹೊಸ ಹೆಸರು, ಹೊಸ ಪಾಸ್‌ವರ್ಡಿನ ಇನ್ನೊಂದು ಜಾಲ ಶುರುಮಾಡಿ. ಅಬ್ಬಿ ನೀರಿನ ಹೊಸ ದಂಬೆ ಜೋಡಿಸಿ ನೀರು ಬಂದ ಮೇಲೆಯೇ ಹಳೆಯ ದಂಬೆ ತೆಗೆಯುವುದಿಲ್ಲವೇ, ಹಾಗೆ. ಕ್ಯಾಮೆರಾದ ಆ್ಯಪ್‌ನಲ್ಲಿ ವೈಫೈ ಬದಲಿಸುವ ಆಯ್ಕೆಯಿದ್ದರೆ ಕೆಳಗೆ ನಿಂತೇ ಅದನ್ನು ಹೊಸ ಜಾಲಕ್ಕೆ ದಾಟಿಸಬಹುದು. ಪಟ್ಟಿಯಲ್ಲಿ ಬರೆದದ್ದೆಲ್ಲ ದಾಟಿದ ಮೇಲೆ ಹಳೆಯ ಹೆಸರನ್ನು ಆಫ್ ಮಾಡಿ.

ಹೋಮ್‌ಸ್ಟೇಯವರಿಗೆ ಇದೇ ಸೌಲಭ್ಯ ಗೆಸ್ಟ್ ನೆಟ್‌ವರ್ಕ್ ಆಗಿ ಒದಗುತ್ತದೆ. ಅತಿಥಿಗಳಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟು, ಅತಿಥಿಗಳ ಫೋನುಗಳಿಗೆ ಮನೆಯ ಪ್ರಿಂಟರ್, ಕ್ಯಾಮೆರಾ ಕಾಣದಂತೆ ಐಸೋಲೇಷನ್ ಆನ್ ಮಾಡಿ. ವಾರಾಂತ್ಯದ ಜನ ಹೋದ ಮೇಲೆ ಅದೊಂದನ್ನೇ ಬದಲಿಸಿದರೆ ಆಯಿತು. ಮನೆಯ ಫೋನುಗಳನ್ನು ಮುಟ್ಟಬೇಕಾಗಿಲ್ಲ. ಕೋಣೆಯಲ್ಲಿ ಕ್ಯುಆರ್ ಕೋಡ್ ಅಂಟಿಸುವವರು ಹಳೆಯ ಕಾಗದ ಕಿತ್ತು ಹೊಸದನ್ನು ಹಾಕುವುದನ್ನು ಮರೆಯಬೇಡಿ.

ಬರೆದಿಟ್ಟ ಕಾಗದವನ್ನು ಪೆಟ್ಟಿಗೆಗೆ ಅಂಟಿಸಬೇಡಿ, ಜಗಲಿಯ ಗೋಡೆಗೂ ಬೇಡ. ಕರೆಂಟ್ ಬಿಲ್, ಪಹಣಿ ಇಡುವ ಕಡತದಲ್ಲಿ ಇಡಿ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಯಾರೋ ರೀಸೆಟ್ ಒತ್ತಿಬಿಟ್ಟು ಇಂಟರ್‌ನೆಟ್ ನಿಂತಿದ್ದರೆ, ಕೆಂಪು ದೀಪ ಇಲ್ಲವೆಂದು ಮೊದಲು ನೋಡಿ. ಫೈಬರ್ ಸಂಪರ್ಕ ತೋರಿಸುವ ಪಾನ್ (ಪಿಒಎನ್) ದೀಪ ಹಸಿರಾಗಿ ನಿಂತಿದ್ದರೆ ಲೈನು ಚೆನ್ನಾಗಿದೆ. ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಲೈನು ಕೊಟ್ಟವರಿಗೆ ಫೋನ್ ಮಾಡಿ, ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳದೆ ‘ಪೆಟ್ಟಿಗೆ ರೀಸೆಟ್ ಆಗಿದೆ, ಪಾನ್ ಹಸಿರಿದೆ, ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಬೇಕು’ ಎಂದು ಹೇಳಿ, ಚೀಟಿಯ ಫೋಟೊದಲ್ಲಿರುವ ಸೀರಿಯಲ್ ನಂಬರ್ ಕೊಡಿ. ಕೆಲವರು ದೂರದಿಂದಲೇ ಸರಿ ಮಾಡುತ್ತಾರೆ, ಕೆಲವರು ಫೋನಿನಲ್ಲೇ ಹೇಳಿ ನಿಮ್ಮಿಂದ ತುಂಬಿಸುತ್ತಾರೆ. ಹಾಗೆ ತುಂಬಿಸಿದರೆ ಆ ಮೂರನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಿ.